ವಾರ್ಡ್ ಕಟ್ಟೆ: ಪಕ್ಕದ ಸೈಟಿನ ಗ್ಯಾರೇಜು

ಓದುಗರ ಪ್ರಶ್ನೆ, ನಿವೃತ್ತ ಆರೋಗ್ಯ ನಿರೀಕ್ಷಕರ ಉತ್ತರ

ಈ ಸಲ ಬಂದ ಕಾಗದಗಳಲ್ಲಿ ಗ್ಯಾರೇಜಿನವೇ ಹೆಚ್ಚು. ಬೈಯುವವರೂ ಬರೆದಿದ್ದಾರೆ, ಬೈಸಿಕೊಂಡವರೂ ಬರೆದಿದ್ದಾರೆ. ಬೀದಿದೀಪ, ಕಂದಾಯ, ಖಾತೆಯವರು ಮುಂದಿನ ಸಂಚಿಕೆವರೆಗೆ ತಡೆದುಕೊಳ್ಳಿ.

ಪ್ರಶ್ನೆ: ನಮಸ್ಕಾರ ಸಾರ್. ನಾನು ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದು ನಿವೃತ್ತಳಾದವಳು. ಚಿಕ್ಕಮಗಳೂರಿನ ಒಂದು ಬಡಾವಣೆಯಲ್ಲಿ ನಮ್ಮ ಮನೆ. ಪಕ್ಕದ ಖಾಲಿ ಸೈಟಿನಲ್ಲಿ ಶೀಟು ಹಾಕಿ ಒಬ್ಬ ಬೈಕ್ ರಿಪೇರಿ ಶುರು ಮಾಡಿದ. ಆಗ ನಮಗೂ ಅನುಕೂಲವೇ ಆಯಿತು, ನಮ್ಮ ಸ್ಕೂಟರ್ ಅಲ್ಲೇ ಬಿಡುತ್ತಿದ್ದೆವು. ಆಮೇಲೆ ಕಾರು ಬಂತು, ಜೀಪು ಬಂತು, ತೋಟದ ಪಿಕಪ್ಪುಗಳು ಬಂದವು. ಈಗ ಟಿಂಕರಿಂಗ್, ಪೇಂಟಿಂಗ್, ವಾಟರ್ ಸರ್ವಿಸ್ ಎಲ್ಲ ಅಲ್ಲೇ. ಗಿರಿಗೆ ಪ್ರವಾಸಿಗಳನ್ನು ಕರೆದೊಯ್ಯುವ ಜೀಪುಗಳು ಸಂಜೆ ಮೇಲೆ ಬರುತ್ತವೆ, ಬೆಳಗಿನ ಟ್ರಿಪ್ಪಿಗೆ ಸಿದ್ಧವಾಗಬೇಕು ಅಂತ ರಾತ್ರಿ ಹನ್ನೊಂದರವರೆಗೂ ಬಡಿಯುತ್ತಾರೆ. ನಮ್ಮ ಯಜಮಾನರಿಗೆ ಉಬ್ಬಸ. ಪೇಂಟ್ ಹೊಡೆಯುವ ದಿನ ಕಿಟಕಿ ತೆಗೆಯುವ ಹಾಗಿಲ್ಲ. ಚರಂಡಿ ನೀರಿನ ಮೇಲೆ ಎಣ್ಣೆ ತೇಲುತ್ತದೆ. ಆ ಹುಡುಗ ನನ್ನ ಹತ್ತಿರವೇ ಓದಿದವನು. ಹೇಳಿದರೆ "ಆಯ್ತು ಟೀಚರ್" ಅನ್ನುತ್ತಾನೆ, ಎರಡು ದಿನ ಸುಮ್ಮನಿದ್ದು ಮತ್ತೆ ಶುರು. ಜೋರು ಮಾಡಿದರೆ "ಲೈಸೆನ್ಸ್ ಇದೆ" ಅನ್ನುತ್ತಾನೆ. ಬೀದಿಯವರೆಲ್ಲ "ನೀವು ಅರ್ಜಿ ಬರೀರಿ ಟೀಚರ್, ನಾವು ಸೈನ್ ಹಾಕ್ತೀವಿ" ಎಂದು ನನ್ನ ತಲೆಗೆ ಕಟ್ಟಿದ್ದಾರೆ. ಅವನ ಹೊಟ್ಟೆ ಮೇಲೆ ಹೊಡೆಯಲು ನನಗೆ ಮನಸ್ಸಿಲ್ಲ. ಏನು ಬರೆಯಲಿ, ಯಾರಿಗೆ ಬರೆಯಲಿ?

— ಹೆಸರು ಬೇಡ, ಚಿಕ್ಕಮಗಳೂರು

ಉತ್ತರ: ಟೀಚರ್, ಅವನು "ಲೈಸೆನ್ಸ್ ಇದೆ" ಅಂದಾಗ ನೀವು ಸುಮ್ಮನಾಗಿ ಬಂದಿರಿ. "ಯಾವುದಕ್ಕಪ್ಪಾ ಲೈಸೆನ್ಸು?" ಎಂದು ಕೇಳಬೇಕಿತ್ತು. ಉದ್ದಿಮೆ ಪರವಾನಗಿ ಮನುಷ್ಯನ ಹೆಸರಿನಲ್ಲಿ ಇದ್ದರೂ ಅದು ಕೊಡುವುದು ಇಂಥ ವಿಳಾಸದಲ್ಲಿ, ಇಂಥ ಕೆಲಸಕ್ಕೆ, ಇಂಥಿಂಥ ಷರತ್ತಿನ ಮೇಲೆ. ನಗರಸಭೆ, ಪುರಸಭೆಗಳಾದರೆ ಕರ್ನಾಟಕ ಪುರಸಭೆಗಳ ಅಧಿನಿಯಮ 1964ರ ಕೆಳಗೆ, ಮಹಾನಗರ ಪಾಲಿಕೆಯಾದರೆ 1976ರ ಕಾಯ್ದೆಯ ಕೆಳಗೆ. ಬೈಕ್ ರಿಪೇರಿಗೆ ತೆಗೆದುಕೊಂಡ ಪರವಾನಗಿಯಲ್ಲಿ ಕಾರಿಗೆ ಸ್ಪ್ರೇ ಹೊಡೆಯಲು ಬರುವುದಿಲ್ಲ. ನಾನು ಸರ್ವಿಸಿನಲ್ಲಿದ್ದಾಗ ನೋಡಿದ ಕಡತಗಳಲ್ಲಿ ಇದು ಮಾಮೂಲು: ಕಾಗದದ ಮೇಲೆ 'ದ್ವಿಚಕ್ರ ವಾಹನ ದುರಸ್ತಿ', ಸ್ಥಳಕ್ಕೆ ಹೋದರೆ ಟಿಪ್ಪರ್ ಲಾರಿಯ ಚಾಸಿಸ್ ಮಲಗಿರುತ್ತದೆ. ಸುಳ್ಳು ಹೇಳಬೇಕು ಅಂತ ಯಾರೂ ಮಾಡಿದ್ದಲ್ಲ. ಕೆಲಸ ಬೆಳೆಯಿತು, ಕಾಗದ ಬೆಳೆಯಲಿಲ್ಲ.

ಹಾಗಾಗಿ ದೂರು ಆಮೇಲೆ. ಮೊದಲು ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. 10 ರೂಪಾಯಿ ಪೋಸ್ಟಲ್ ಆರ್ಡರ್ ಸಾಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಮೇಷ್ಟ್ರುಗಳು ಅರ್ಜಿ ಬರೆದರೆ ಪೀಠಿಕೆಯಲ್ಲೇ 150 ಮುಗಿದಿರುತ್ತದೆ, ಆದ್ದರಿಂದ ಮೊದಲೇ ಹೇಳಿದೆ. ಕೇಳಬೇಕಾದ್ದು ಇಷ್ಟು: ಈ ವಿಳಾಸದ ಉದ್ದಿಮೆ ಪರವಾನಗಿಯ ಪ್ರತಿ, ಅದರ ಷರತ್ತುಗಳ ಪ್ರತಿ, ಕೊನೆಯ ನವೀಕರಣದ ಪ್ರತಿ, ಸ್ಥಳ ಪರಿಶೀಲನೆ ಮಾಡಿದ್ದರೆ ಅದರ ವರದಿ. "ಯಾಕೆ ಕ್ರಮ ತೆಗೆದುಕೊಂಡಿಲ್ಲ" ಎಂದು ಬರೆಯಬೇಡಿ. ಅದಕ್ಕೆ ಕಡತದಲ್ಲಿ ಉತ್ತರ ಇರುವುದಿಲ್ಲ, ಅರ್ಜಿ ಹಾಗೇ ವಾಪಸ್ ಬರುತ್ತದೆ. 30 ದಿನದೊಳಗೆ ಉತ್ತರ ಕೊಡಬೇಕು, ಪ್ರತಿಗೆ ಪುಟಕ್ಕೆ 2 ರೂಪಾಯಿ.

ಅದು ಬರುವಷ್ಟರಲ್ಲಿ ಬೀದಿಯವರನ್ನು ಕೂರಿಸಿಕೊಂಡು ಒಂದು ಕೆಲಸ ಮಾಡಿ. ಆ ಶೆಡ್ಡಿನಲ್ಲಿ ನಡೆಯುವ ಕೆಲಸಗಳನ್ನು ಬೇರೆ ಬೇರೆ ಮಾಡಿ ಬರೆಯಿರಿ. ನಿಮ್ಮ ಎದುರಿಗೆ ಇರುವುದು 'ಗ್ಯಾರೇಜ್' ಎಂಬ ಒಂದು ಪೀಡೆ ಅಂದುಕೊಂಡರೆ ಪರಿಹಾರವೂ ಒಂದೇ ಕಾಣುತ್ತದೆ, ಬಾಗಿಲು ಹಾಕಿಸುವುದು. ಅದಕ್ಕೇ ನಿಮಗೂ ಮನಸ್ಸು ಬರುತ್ತಿಲ್ಲ. ಬಿಡಿಸಿ ನೋಡಿ. ಆಯಿಲ್ ಬದಲಿಸುವುದು, ಬ್ರೇಕ್ ಟೈಟ್ ಮಾಡುವುದು, ಪ್ಲಗ್ ಕ್ಲೀನ್ ಮಾಡುವುದು, ಕ್ಲಚ್ ಕೇಬಲ್ ಹಾಕುವುದು, ಇವೆಲ್ಲ ಹಗಲು ಹೊತ್ತು ಸ್ಪ್ಯಾನರಿನಲ್ಲಿ ಆಗುವ ಕೆಲಸ. ಇದರ ಮೇಲೆ ದೂರು ಬರೆಯಬೇಡಿ. ಟಿಂಕರಿಂಗ್ ಬಡಿತ, ಗ್ರೈಂಡರ್, ಇವಕ್ಕೆ ಹೊತ್ತು ಗೊತ್ತು ಮಾಡಬೇಕು, ಗೋಡೆಯೊಳಗೆ ಆಗಬೇಕು. ವಾಟರ್ ಸರ್ವಿಸ್ ನೀರು ನೇರ ಚರಂಡಿಗೆ ಬೀಳಬಾರದು. ಪೇಂಟಿಂಗ್ ಮಾತ್ರ ಮನೆಗಳ ನಡುವೆ ತೆರೆದ ಶೆಡ್ಡಿನಲ್ಲಿ ಆಗಲೇಬಾರದು.

ಪೇಂಟಿಂಗ್ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಯಜಮಾನರ ಉಬ್ಬಸಕ್ಕೂ ಇದಕ್ಕೂ ನೇರ ಸಂಬಂಧ ಇರಬಹುದು. ಈಗ ಕಾರಿಗೆ ಹೊಡೆಯುವ ಪೇಂಟು ಹಳೇ ಎನಾಮೆಲ್ ಅಲ್ಲ. 'ಟೂ ಕೆ' ಎನ್ನುತ್ತಾರೆ, ಪೇಂಟಿಗೆ ಹಾರ್ಡನರ್ ಎಂಬ ಎರಡನೇ ಡಬ್ಬ ಬೆರೆಸಿ ಹೊಡೆಯುವುದು. ಆ ಹಾರ್ಡನರಿನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಕೆಲಸದ ಜಾಗದಲ್ಲಿ ಬರುವ ಉಬ್ಬಸಕ್ಕೆ ಜಗತ್ತಿನಲ್ಲೆಲ್ಲ ಹೆಸರಾದ ಕಾರಣಗಳಲ್ಲಿ ಇದೂ ಒಂದು. ಮೂಗಿಗೆ ಹೊಡೆಯುವುದು ಥಿನ್ನರ್ ವಾಸನೆ, ಎದೆಗೆ ಹೊಡೆಯುವುದು ಇದು, ಇದಕ್ಕೆ ಅಂಥ ವಾಸನೆಯೇನೂ ಇಲ್ಲ. ಒಮ್ಮೆ ಮೈಗೆ ಒಗ್ಗದೆ ಹೋಯಿತೆಂದರೆ ಆಮೇಲೆ ಬಹಳ ಕಡಿಮೆ ಪ್ರಮಾಣ ಸಿಕ್ಕರೂ ಉಸಿರು ಕಟ್ಟುತ್ತದೆ. ಸರಿಯಾದ ವರ್ಕ್‌ಶಾಪಿನಲ್ಲಿ ಇದನ್ನು ಮುಚ್ಚಿದ ಸ್ಪ್ರೇ ಬೂತಿನಲ್ಲಿ ಹೊಡೆಯುತ್ತಾರೆ. ಗಾಳಿಯನ್ನು ಫ್ಯಾನು ಎಳೆದು, ಫಿಲ್ಟರಿನಲ್ಲಿ ಸೋಸಿ, ಮೇಲಿನ ಚಿಮಣಿಯಿಂದ ಬಿಡುತ್ತಾರೆ. ಹೊಡೆಯುವವನಿಗೆ ಹೊರಗಿನ ಗಾಳಿ ಪೈಪಿನಲ್ಲಿ ಬರುವ ಮುಖವಾಡ ಇರುತ್ತದೆ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಹೊಡೆಯುವ ನಿಮ್ಮ ಶಿಷ್ಯನ ಹುಡುಗರ ಎದೆ ನಿಮ್ಮ ಯಜಮಾನರ ಎದೆಗಿಂತ ಮೊದಲು ಹಾಳಾಗುತ್ತದೆ. ಇದನ್ನು ಅವನಿಗೆ ಹೇಳಿ. ಟೀಚರ್ ಹೇಳಿದರೆ ಕೇಳುವ ಮಾತು ಇದು.

ಕಾನೂನಿನ ಕಡೆಯಿಂದ ಹೇಳುವುದಾದರೆ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2016ರಲ್ಲಿ ಉದ್ದಿಮೆಗಳನ್ನು ಅವು ಮಾಡುವ ಮಾಲಿನ್ಯದ ಲೆಕ್ಕದಲ್ಲಿ ಕೆಂಪು, ಕಿತ್ತಳೆ, ಹಸಿರು, ಬಿಳಿ ಎಂದು ವಿಂಗಡಿಸಿದಾಗ ವಾಹನ ಸರ್ವಿಸ್, ರಿಪೇರಿ, ಪೇಂಟಿಂಗ್ ಹೋಗಿ ಕುಳಿತದ್ದು ಕಿತ್ತಳೆಯಲ್ಲಿ. ಅಂದರೆ 1974ರ ಜಲ ಕಾಯ್ದೆ, 1981ರ ವಾಯು ಕಾಯ್ದೆಗಳ ಪ್ರಕಾರ ರಾಜ್ಯ ಮಂಡಳಿಯ ಸಮ್ಮತಿ ಬೇಕು, ಶುರು ಮಾಡುವ ಮೊದಲು ಒಂದು, ನಡೆಸುವುದಕ್ಕೆ ಒಂದು. ಮಂಡಳಿಯ ಪ್ರಾದೇಶಿಕ ಕಚೇರಿ ನಿಮ್ಮೂರಲ್ಲೇ ಇದೆ. ಬಹಳ ಗ್ಯಾರೇಜಿನವರಿಗೆ ಇಂಥದ್ದೊಂದು ಇದೆ ಎಂಬುದೇ ಗೊತ್ತಿಲ್ಲ; ನಗರಸಭೆಗೆ ಫೀಸು ಕಟ್ಟಿದರೆ ಎಲ್ಲ ಮುಗಿಯಿತು ಅಂದುಕೊಂಡಿರುತ್ತಾರೆ.

ಇನ್ನು ಜಾಗ. ನಗರಾಭಿವೃದ್ಧಿ ಪ್ರಾಧಿಕಾರದವರ ಹತ್ತಿರ ಊರಿನ ಮಹಾಯೋಜನೆ ನಕ್ಷೆ ಇರುತ್ತದೆ, 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಮಾಡಿದ್ದು. ನಿಮ್ಮ ಸೈಟು ಅದರಲ್ಲಿ ವಸತಿ ವಲಯವೋ ಬೇರೆಯೋ ನೋಡಿ, ವಲಯ ನಿಯಮಾವಳಿಯಲ್ಲಿ ಆ ವಲಯಕ್ಕೆ ಯಾವ ಕೆಲಸ ಸಲ್ಲುತ್ತದೆ ಎಂಬ ಪಟ್ಟಿ ಇರುತ್ತದೆ. ಮನೆಯವರು ಸಾಮಾನ್ಯವಾಗಿ ಇದನ್ನು ನೋಡುವುದೇ ಇಲ್ಲ, ಸದ್ದಿನ ಹಿಂದೆ ಬೀಳುತ್ತಾರೆ.

ಸದ್ದಿನ ವಿಷಯದಲ್ಲಿ ಒಂದು ಎಚ್ಚರಿಕೆ. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬೆಲ್, ರಾತ್ರಿ 45 ಎಂದು ಮಿತಿ ಇದೆ. ಬೆಳಿಗ್ಗೆ 6ರಿಂದ ರಾತ್ರಿ 10 ಹಗಲು, ಉಳಿದದ್ದು ರಾತ್ರಿ. ಮಿತಿಗಿಂತ 10 ಡೆಸಿಬೆಲ್ ಮೇಲೆ ಹೋದರೆ ದೂರು ಕೊಡಬಹುದು, ಜಿಲ್ಲಾಧಿಕಾರಿಗೆ ಅಥವಾ ಡಿವೈಎಸ್ಪಿ ದರ್ಜೆಗೆ ಕಡಿಮೆ ಇಲ್ಲದ ಪೊಲೀಸ್ ಅಧಿಕಾರಿಗೆ. ಆದರೆ ಅಳೆಯಲು ಬಂದ ದಿನ ಯಾವ ಟಿಂಕರನೂ ಸುತ್ತಿಗೆ ಮುಟ್ಟುವುದಿಲ್ಲ. ರಸ್ತೆಯ ಬಸ್ಸಿನ ಸದ್ದೂ ಅದರಲ್ಲಿ ಸೇರಿಕೊಳ್ಳುತ್ತದೆ. ಆದ್ದರಿಂದ ಹಗಲಿನ ಸದ್ದಿನ ಜಗಳ ಬಿಡಿ, ರಾತ್ರಿ ಹತ್ತರ ಮೇಲಿನದನ್ನು ಹಿಡಿಯಿರಿ. ಮೊಬೈಲಿನ ಡೆಸಿಬೆಲ್ ಆ್ಯಪ್ ಸಾಕ್ಷಿಗೆ ನಿಲ್ಲುವುದಿಲ್ಲ. ಹಳೇ ಹಾಜರಿ ಪುಸ್ತಕ ಒಂದು ನಿಮ್ಮ ಮನೆಯಲ್ಲಿ ಇದ್ದೇ ಇರುತ್ತದೆ, ಅದರಲ್ಲಿ ತಾರೀಖು, ಗಂಟೆ, ಯಾವ ಕೆಲಸ ಎಂದು ಬರೆಯುತ್ತಾ ಹೋಗಿ. ಎರಡು ಮನೆಯವರು ಬೇರೆ ಬೇರೆ ಬರೆದಿಟ್ಟರೆ ಇನ್ನೂ ಒಳ್ಳೆಯದು.

ಈಗ ಅರ್ಜಿ. ಪೌರಾಯುಕ್ತರಿಗೆ ಬರೆಯಿರಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಪರಿಸರ ಅಧಿಕಾರಿಗೂ ನಗರಾಭಿವೃದ್ಧಿ ಪ್ರಾಧಿಕಾರದ ಆಯುಕ್ತರಿಗೂ ಪ್ರತಿ ಹಾಕಿ. 'ಈ ವಿಳಾಸದ ಉದ್ದಿಮೆಗೆ ಕೊಟ್ಟ ಪರವಾನಗಿ ಇಂಥ ಕೆಲಸಕ್ಕೆ ಎಂದು ತಮ್ಮ ಕಚೇರಿಯ ದಾಖಲೆ ಹೇಳುತ್ತದೆ. ಅಲ್ಲಿ ಈಗ ಪೇಂಟಿಂಗ್, ವಾಟರ್ ಸರ್ವಿಸ್ ನಡೆಯುತ್ತಿವೆ. ಈ ದಿನಗಳಂದು ರಾತ್ರಿ 10ರ ನಂತರ ಟಿಂಕರಿಂಗ್ ನಡೆದಿದೆ. ವೇಸ್ಟ್ ಆಯಿಲ್ ಚರಂಡಿಗೆ ಸೇರುತ್ತಿದೆ. ಸ್ಥಳ ಪರಿಶೀಲಿಸಿ, ಮಹಜರು ಮಾಡಿ, ಪರವಾನಗಿ ಷರತ್ತು ಪಾಲನೆಯಾಗುವಂತೆ ಮಾಡಬೇಕಾಗಿ ಕೋರಿಕೆ.' ಇಷ್ಟೇ. ಅವನು ಎಂಥವನು, ಅವನ ಹುಡುಗರು ಯಾವ ಹಾಡು ಹಾಕುತ್ತಾರೆ, ಎಲೆ ಅಡಿಕೆ ಎಲ್ಲಿ ಉಗಿಯುತ್ತಾರೆ, ಇವನ್ನೆಲ್ಲ ಬಿಡಿ. ನಾವು ಸ್ಥಳಕ್ಕೆ ಹೋದಾಗ ಕೈಯಲ್ಲಿ ಹಿಡಿದು ನೋಡುವುದು ಆ ಕಾಗದವನ್ನೇ. ಅದರಲ್ಲಿ ಬೈಗುಳ ಇದ್ದರೆ ಮಹಜರಿನಲ್ಲಿ ಬರೆಯಲು ಏನೂ ಸಿಗುವುದಿಲ್ಲ. ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮೊಹರು, ತಾರೀಖು ಹಾಕಿಸಿಕೊಳ್ಳದೆ ಮನೆಗೆ ಬರಬೇಡಿ. ಬಾಯಲ್ಲಿ ಹೇಳಿದ ದೂರಿಗೆ ಸರ್ಕಾರದಲ್ಲಿ ನಂಬರ್ ಇಲ್ಲ.

ಬೀದಿಯವರ ಸಹಿ ಬೇಕೇ ಬೇಕು, ಅದಕ್ಕೆ ಕಾರಣವಿದೆ. ಇಷ್ಟಕ್ಕೂ ಕೆಲಸವಾಗದಿದ್ದರೆ ಮುಂದಿನ ಬಾಗಿಲು ಉಪವಿಭಾಗಾಧಿಕಾರಿಯವರದು, ಅಂದರೆ ಎ.ಸಿ.ಯವರದು. ಹಳೇ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಂ ಅಂತ ಕೇಳಿರುತ್ತೀರಿ, 2024ರ ಜುಲೈಯಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152. ಜನಸಮುದಾಯದ ಆರೋಗ್ಯಕ್ಕೋ ದೇಹಸುಖಕ್ಕೋ ಹಾನಿ ಮಾಡುವ ವ್ಯಾಪಾರ, ಕಸುಬು ಎಂದು ಕಂಡರೆ ಅದನ್ನು ನಿಲ್ಲಿಸಿ, ಸ್ಥಳಾಂತರಿಸಿ ಅಥವಾ ಹೀಗೆ ನಡೆಸಿ ಎಂದು ಷರತ್ತುಬದ್ಧ ಆದೇಶ ಮಾಡಬಹುದು. ತಕರಾರಿದ್ದರೆ ಬಂದು ಹೇಳು ಎಂದು ಅವನಿಗೂ ಅವಕಾಶ ಇರುತ್ತದೆ. ನೋಡಿ, ಅಲ್ಲಿ ಹೇಳಿರುವುದು ಜನಸಮುದಾಯ. ಒಂದೇ ಮನೆಯ ತೊಂದರೆಗೆ ಸಿವಿಲ್ ಕೋರ್ಟು, ಬೀದಿಯ ತೊಂದರೆಗೆ ಎ.ಸಿ. ಕಚೇರಿ. ಹಣವಿಲ್ಲ, ಸಿಬ್ಬಂದಿ ಇಲ್ಲ ಎಂಬ ಉತ್ತರ ಯಾವ ಕಚೇರಿಯಿಂದ ಬಂದರೂ ರತ್ಲಾಂ ಪ್ರಕರಣ ನೆನಪಿಸಿ. ಮಧ್ಯಪ್ರದೇಶದ ಆ ಊರಿನ ಒಂದು ಬೀದಿಯವರು ತೆರೆದ ಚರಂಡಿ, ಹೆಂಡದ ಕಾರ್ಖಾನೆಯ ಕೊಳಕು ನೀರಿನ ಬಗ್ಗೆ ಇದೇ 133ರಲ್ಲಿ ಮ್ಯಾಜಿಸ್ಟ್ರೇಟರ ಹತ್ತಿರ ಹೋದರು. ಪುರಸಭೆ ದುಡ್ಡಿಲ್ಲ ಅಂದಿತು. 1980ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ.ಆರ್. ಕೃಷ್ಣಯ್ಯರ್ ಅವರ ಪೀಠ ಆ ನೆಪ ಒಪ್ಪಲಿಲ್ಲ.

ಅರ್ಜಿ ಕೊಡುವ ಹಿಂದಿನ ದಿನ ಅದರ ಒಂದು ಪ್ರತಿ ತೆಗೆದುಕೊಂಡು ಶೆಡ್ಡಿಗೆ ಹೋಗಿ, ಇಬ್ಬರು ಹಿರಿಯರನ್ನು ಕರೆದುಕೊಂಡು. "ನೋಡಪ್ಪಾ, ನಿನ್ನ ಸ್ಪ್ಯಾನರ್ ಕೆಲಸದ ಬಗ್ಗೆ ಒಂದು ಅಕ್ಷರ ಬರೆದಿಲ್ಲ. ಪೇಂಟಿಂಗ್ ಇಲ್ಲಿ ಬೇಡ, ಬೂತ್ ಇರುವ ದೊಡ್ಡ ವರ್ಕ್‌ಶಾಪಿಗೆ ಜಾಬ್‌ವರ್ಕ್ ಕೊಡು. ಗಿರಿಯ ಜೀಪಿನವರಿಗೆ ಎಂಟರ ಮೇಲೆ ಬಂದರೆ ಬೆಳಿಗ್ಗೆಯೇ ಅಂತ ಹೇಳು" ಎಂದು ಓದಿ ಹೇಳಿ. ಮಾರ್ಜಿನ್ ಕಡಿಮೆಯಾಗುತ್ತದೆ ಎಂದು ಗೊಣಗುತ್ತಾನೆ, ಗೊಣಗಲಿ. ಒಪ್ಪಿ ಬರೆದುಕೊಟ್ಟರೆ ಅರ್ಜಿ ನಿಮ್ಮ ಚೀಲದಲ್ಲೇ ಇರಲಿ. ಇನ್ನೊಂದು "ಆಯ್ತು ಟೀಚರ್" ಮಾತ್ರ ಬಂದರೆ ಮಾರನೇ ದಿನ ಬೆಳಿಗ್ಗೆ ಹತ್ತೂವರೆಗೆ ಟಪಾಲು ಕಿಟಕಿ.

ಪ್ರಶ್ನೆ: ಸ್ವಾಮಿ, ನನ್ನದು ಹಾಸನದಲ್ಲಿ ಕಾರ್ ಗ್ಯಾರೇಜು. ನಾನು ಶೆಡ್ ಹಾಕಿದಾಗ ಸುತ್ತ ಆಲೂಗಡ್ಡೆ ಹೊಲ ಇತ್ತು. ಆಮೇಲೆ ಲೇಔಟ್ ಆಗಿ ಮನೆ ಬಂದವು. ಈಗ ಮನೆಯವರು ದಿನಾ ಒಂದು ತಕರಾರು. ಮೊದಲು ಬಂದವನು ನಾನು, ಅವರು ನೋಡಿಕೊಂಡೇ ಸೈಟ್ ತಗೊಂಡಿದ್ದಾರೆ. ನಾಲ್ಕು ಹುಡುಗರು ನನ್ನನ್ನು ನಂಬಿಕೊಂಡಿದ್ದಾರೆ. ನ್ಯಾಯ ಯಾರ ಕಡೆ?

— ಗ್ಯಾರೇಜ್ ಮಾಲೀಕ, ಹಾಸನ

ಉತ್ತರ: ಮೊದಲು ಬಂದೆ ಎಂಬ ಮಾತು ಬಸ್ ಸೀಟಿಗೆ ನಡೆಯುತ್ತದೆ ಮಾರಾಯ್ರೇ, ಸಾರ್ವಜನಿಕ ಉಪದ್ರವದ ಕೇಸಿಗೆ ನಡೆಯುವುದಿಲ್ಲ. ಎಷ್ಟು ವರ್ಷದಿಂದ ಮಾಡುತ್ತಿದ್ದರೂ ಅದು ಹಕ್ಕಾಗುವುದಿಲ್ಲ. ಇದರಿಂದ ಹತ್ತು ಜನರಿಗೆ ಅನುಕೂಲವೂ ಇದೆ ಎಂಬುದು ವಿನಾಯಿತಿಯಲ್ಲ ಅಂತ ಭಾರತೀಯ ನ್ಯಾಯ ಸಂಹಿತೆಯ 270ನೇ ಕಲಮಿನಲ್ಲೇ ಬರೆದಿದೆ. ಹಾಗಂತ ನಿಮ್ಮ ಹಳೇತನಕ್ಕೆ ಬೆಲೆಯೇ ಇಲ್ಲ ಅಂತಲ್ಲ. ವಲಯದ ಪ್ರಶ್ನೆ ಬಂದಾಗ ನೀವು ಆಗಲೇ ಇದ್ದಿರಿ ಎಂದು ತೋರಿಸುವ ಕಾಗದ ಬೇಕು: ಹಳೇ ಪರವಾನಗಿಗಳು, ಬಾಡಿಗೆ ಕರಾರು, ಸೆಸ್ಕ್‌ನ ಕರೆಂಟ್ ಬಿಲ್ಲುಗಳು. ನವೀಕರಣ ನಡುವೆ ಬಿಟ್ಟುಹೋಗಿದ್ದರೆ ಕಟ್ಟಿ ಸರಿಮಾಡಿಸಿಕೊಳ್ಳಿ. ಪರವಾನಗಿಗೆ ಸರ್ಕಾರದ 'ಸಕಾಲ' ಸೇವೆಯಲ್ಲಿ ಅರ್ಜಿ ಹಾಕಿ ಸ್ವೀಕೃತಿ ಸಂಖ್ಯೆ ಇಟ್ಟುಕೊಳ್ಳಿ. ಷರತ್ತು ಇರುವ ಪರವಾನಗಿ ನಿಮ್ಮ ವೈರಿಯಲ್ಲ. ಪಾಲಿಸಿದ್ದೇನೆ ಎಂದು ತೋರಿಸಲು ನಿಮ್ಮ ಕೈಯಲ್ಲಿ ಇರುವ ಒಂದೇ ಒಂದು ಕಾಗದ ಅದು.

ಬಿಲ್ಲು ಅಂದಾಗ ನೆನಪಾಯಿತು. ಮನೆಯ ಮೀಟರಿನಿಂದ ವೈರ್ ಎಳೆದು ಕಂಪ್ರೆಸರ್ ಓಡಿಸುತ್ತಿದ್ದರೆ ಇವತ್ತೇ ನಿಲ್ಲಿಸಿ. 2003ರ ವಿದ್ಯುತ್ ಕಾಯ್ದೆಯ 126ರಲ್ಲಿ ಯಾವ ಉದ್ದೇಶಕ್ಕೆ ಸಂಪರ್ಕ ಕೊಟ್ಟಿದ್ದಾರೋ ಅದಲ್ಲದೆ ಬೇರೆಗೆ ಬಳಸಿದರೆ ಆ ದರದ ಎರಡು ಪಟ್ಟು ಹಾಕುತ್ತಾರೆ. ನೆರೆಮನೆಯವರಿಗೆ ಇದು ಗೊತ್ತಾದರೆ ಸದ್ದಿನ ತಂಟೆಗೇ ಹೋಗುವುದಿಲ್ಲ, ನೇರ ಲೈನ್‌ಮನ್ ಹತ್ತಿರ ಹೋಗುತ್ತಾರೆ.

ಕಂಪ್ರೆಸರನ್ನು ಮನೆ ಕಡೆಯ ಕಾಂಪೌಂಡಿಗೆ ಒರಗಿಸಿ ಇಟ್ಟಿರುತ್ತೀರಿ, ಎಲ್ಲರೂ ಹಾಗೇ ಇಡುವುದು. ರಸ್ತೆ ಕಡೆಗೆ ತನ್ನಿ, ಅಡಿಗೆ ದಪ್ಪ ರಬ್ಬರ್ ಕೊಡಿ, ಸುತ್ತ ಗಾಳಿಯಾಡುವ ಹಾಗೆ ಇಟ್ಟಿಗೆ ಗೋಡೆ ಎತ್ತಿಸಿ. ತಗಡಿನ ಶೀಟು ಸದ್ದನ್ನು ತಡೆಯುವುದಿಲ್ಲ, ತಾನೂ ಸೇರಿ ಗುಂಯ್‌ಗುಡುತ್ತದೆ. ಹತ್ತಿರದಲ್ಲಿ ಶಾಲೆ, ಆಸ್ಪತ್ರೆ ಇದ್ದು ಅದರ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಎಂದು ಘೋಷಣೆಯಾಗಿದ್ದರೆ ಹಗಲಿನ ಮಿತಿಯೇ 50 ಡೆಸಿಬೆಲ್‌ಗೆ ಇಳಿಯುತ್ತದೆ, ಅಲ್ಲಿ ಟಿಂಕರಿಂಗ್ ಆಸೆ ಬಿಡಿ.

ವಾಟರ್ ಸರ್ವಿಸ್ ಇದ್ದರೆ ಆಯಿಲ್ ಟ್ರ್ಯಾಪ್ ಕಟ್ಟಿಸಿ. ದೊಡ್ಡ ವಿದ್ಯೆಯೇನಲ್ಲ, ಮೂರು ಅಂಕಣದ ತೊಟ್ಟಿ. ಮೊದಲನೆಯದರಲ್ಲಿ ಮಣ್ಣು ಕೆಳಗೆ ಕೂರುತ್ತದೆ, ಎರಡನೆಯದರಲ್ಲಿ ಎಣ್ಣೆ ಮೇಲೆ ನಿಲ್ಲುತ್ತದೆ, ಮೂರನೆಯದಕ್ಕೆ ನೀರು ತಳದಿಂದ ಬಗ್ಗು ಪೈಪಿನಲ್ಲಿ ಹೋಗುತ್ತದೆ. ಮೇಲಿನ ಎಣ್ಣೆಯನ್ನು ಆಗಾಗ ತೆಗೆದು ಡ್ರಮ್ಮಿಗೆ ಹಾಕಬೇಕು. ಟ್ರ್ಯಾಪ್ ಕಟ್ಟಿಸಿಯೂ ಎಣ್ಣೆ ಹೊರಗೆ ಹೋಗುತ್ತಿದೆ ಅಂತ ಕೆಲವರು ಬರುತ್ತಾರೆ. ನಿಮ್ಮ ಹುಡುಗರು ಶಾಂಪೂ ಎಷ್ಟು ಸುರಿಯುತ್ತಾರೆ ನೋಡಿ. ಶಾಂಪೂ, ಡಿಗ್ರೀಸರ್ ಹೆಚ್ಚಾದರೆ ಎಣ್ಣೆ ಸಣ್ಣ ಸಣ್ಣ ಹನಿಯಾಗಿ ನೀರಿನಲ್ಲೇ ಕಲೆತುಬಿಡುತ್ತದೆ, ಮೇಲೆ ತೇಲುವುದಿಲ್ಲ, ಟ್ರ್ಯಾಪಿಗೆ ಸಿಗುವುದಿಲ್ಲ. ಎಂಜಿನ್ ಅಡಿಯ ಜಿಡ್ಡನ್ನು ಮೊದಲು ಕೆರೆದು, ಹಳೇ ಬಟ್ಟೆಯಲ್ಲಿ ಒರೆಸಿ ಆಮೇಲೆ ನೀರು ಬಿಡುವುದು ಒಳ್ಳೆಯದು. ಆ ಬಟ್ಟೆಯನ್ನು ಮನೆಯ ಕಸದ ಗಾಡಿಗೆ ಹಾಕಬೇಡಿ.

ವೇಸ್ಟ್ ಆಯಿಲ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಕ್ಕೆ ಬರುತ್ತದೆ. 90 ದಿನಕ್ಕಿಂತ ಹೆಚ್ಚು ಕೂಡಿಡಬಾರದು, ಅಧಿಕೃತ ಮರುಬಳಕೆದಾರರಿಗೇ ಕೊಡಬೇಕು, ರಸೀತಿ ಇಟ್ಟುಕೊಳ್ಳಬೇಕು. ಡ್ರಮ್ಮು ಮಾಡಿನ ಕೆಳಗೆ, ಕಾಂಕ್ರೀಟ್ ನೆಲದ ಮೇಲೆ ಇರಲಿ. ಜೂನ್ ಮಳೆಗೆ ಬಯಲಲ್ಲಿಟ್ಟ ಡ್ರಮ್ಮು ತುಂಬಿದರೆ ಮೊದಲು ಹೊರಚೆಲ್ಲುವುದು ಮೇಲೆ ನಿಂತ ಎಣ್ಣೆಯೇ. ಹಳೇ ಬ್ಯಾಟರಿಗೆ 2022ರ ಬೇರೆ ನಿಯಮ ಇದೆ. ಹೊಸದು ಕೊಡುವ ಡೀಲರಿಗೇ ಹಳೇದನ್ನು ಹಿಂದಿರುಗಿಸಿ, ಆಸಿಡ್ ಚೆಲ್ಲಿ ಸೀಸ ಬಿಚ್ಚುವ ಗುಜರಿಯವನಿಗೆ ಕೊಡಬೇಡಿ.

ನಾಲ್ಕು ಹುಡುಗರು ಅಂದಿರಿ, ವಯಸ್ಸು ಬರೆದಿಲ್ಲ. 14 ತುಂಬದವನು ಒಬ್ಬನಿದ್ದರೂ ಮೇಲೆ ಹೇಳಿದ್ದು ಯಾವುದೂ ನಿಮ್ಮನ್ನು ಕಾಯುವುದಿಲ್ಲ. ಕೆಲಸ ಕಲಿಯಲಿ ಅಂತ ಅಪ್ಪನೇ ತಂದುಬಿಟ್ಟ ಎಂಬ ಸಮಜಾಯಿಷಿ ಕಾರ್ಮಿಕ ನಿರೀಕ್ಷಕರು ದಿನಾ ಕೇಳುತ್ತಾರೆ.

ಪ್ರಶ್ನೆ: ನಮ್ಮ ಮನೆ ಗೇಟಿನ ಪಕ್ಕ ರಸ್ತೆಯಲ್ಲೇ ರಿಪೇರಿಗೆ ಬಂದ ಹಳೇ ವ್ಯಾನ್ ತಿಂಗಳುಗಟ್ಟಲೆಯಿಂದ ನಿಂತಿದೆ. ಟಯರಿಲ್ಲ, ಕಲ್ಲಿನ ಮೇಲೆ ಕೂತಿದೆ. ಗ್ಯಾರೇಜಿನವನು ಪಾರ್ಟಿ ದುಡ್ಡು ಕೊಟ್ಟಿಲ್ಲ ಅನ್ನುತ್ತಾನೆ. ಏನು ಮಾಡುವುದು?

— ಓದುಗ, ಕಡೂರು

ಉತ್ತರ: ಪಾರ್ಟಿ ದುಡ್ಡು ಕೊಡದಿದ್ದರೆ ಅವನ ಶೆಡ್ಡಿನಲ್ಲಿ ಇಟ್ಟುಕೊಳ್ಳಲಿ, ರಸ್ತೆ ಅವನ ಗೋಡೌನ್ ಅಲ್ಲ. ಮೋಟಾರು ವಾಹನ ಕಾಯ್ದೆಯ 127ರಲ್ಲಿ ಸಾರ್ವಜನಿಕ ಸ್ಥಳದಲ್ಲಿ 10 ಗಂಟೆಗಿಂತ ಹೆಚ್ಚು ವಾರಸುದಾರರಿಲ್ಲದೆ ಬಿಟ್ಟ ವಾಹನವನ್ನು ಎಳೆಸಿಕೊಂಡು ಹೋಗಲು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಗೆ ಅಧಿಕಾರವಿದೆ. ನಂಬರ್ ಪ್ಲೇಟು ಕಾಣುವ ಹಾಗೆ ಫೋಟೊ ತೆಗೆದು, ತಾರೀಖು ಹಾಕಿ ಠಾಣೆಗೆ ಲಿಖಿತ ದೂರು ಕೊಡಿ, ಪುರಸಭೆಗೆ ಪ್ರತಿ. ನೀವೇ ಗಾಜು ಒಡೆಯುವುದು, ತಳ್ಳಿಸುವುದು ಮಾಡಬೇಡಿ. ಆಗ ದೂರುದಾರರು ಅವರಾಗುತ್ತಾರೆ.

ಪ್ರಶ್ನೆ: ಗೆದ್ದಲು ಹಿಡಿಯದಿರಲಿ ಅಂತ ತೋಟದ ಬೇಲಿಗೂಟದ ಬುಡಕ್ಕೆ ಗ್ಯಾರೇಜಿನ ವೇಸ್ಟ್ ಆಯಿಲ್ ಬಳಿಯುತ್ತೇವೆ, ನಮ್ಮಪ್ಪನ ಕಾಲದಿಂದ. ಇದಕ್ಕೂ ಕಾನೂನಾ?

— ಕಾಫಿ ಬೆಳೆಗಾರ, ಮೂಡಿಗೆರೆ

ಉತ್ತರ: ಹೌದು, ಇದಕ್ಕೂ. ಗ್ಯಾರೇಜಿನವನು ನಿಮಗೆ ಕೊಡುವಂತಿಲ್ಲ, ಮೇಲೆ ಹೇಳಿದ ಅಪಾಯಕಾರಿ ತ್ಯಾಜ್ಯದ ನಿಯಮವೇ. ನಿಮ್ಮಪ್ಪನ ಕಾಲದಲ್ಲಿ ಬಾವಿ ನೀರು ಪರೀಕ್ಷೆ ಮಾಡಿಸಿ ಯಾರು ನೋಡಿದ್ದರು? ಎಂಜಿನ್ನಿನಲ್ಲಿ ಸುಟ್ಟ ಆಯಿಲಿನಲ್ಲಿ ಲೋಹದ ಪುಡಿ, ಕ್ಯಾನ್ಸರ್ ತರುವಂಥ ಇಂಗಾಲದ ಸಂಯುಕ್ತಗಳು ಸೇರಿರುತ್ತವೆ. ನಿಮ್ಮ ಕಡೆಯ ಮಳೆಗೆ ಅದು ಗೂಟದಲ್ಲಿ ನಿಲ್ಲುವುದಿಲ್ಲ, ಇಳಿಜಾರು ಹಿಡಿದು ಹಳ್ಳಕ್ಕೆ ಹೋಗುತ್ತದೆ. ಬುಡಕ್ಕೆ ಕಲ್ಲುಕಂಬ ಹಾಕಿ, ಇಲ್ಲವೇ ಹಾಲುವಾಣದ ಗೂಟ ನೆಡಿ. ಚಿಗುರಿ ಮರವಾಗುವ ಗೂಟವನ್ನು ಗೆದ್ದಲು ಅಷ್ಟು ಸುಲಭಕ್ಕೆ ಮುಟ್ಟುವುದಿಲ್ಲ. ಸೆಂಟ್ರಿಂಗ್ ಹಲಗೆಗೆ ವೇಸ್ಟ್ ಆಯಿಲ್ ಬಳಿಯುವ ಮೇಸ್ತ್ರಿಗಳಿಗೂ ಇದೇ ಮಾತು.

ಚಿಕ್ಕಮಗಳೂರು ಊರಿನವರು ಇದನ್ನು ಓದಿ ಮೂಡಿಗೆರೆಯವರ ಮೇಲೆ ಬೆರಳು ತೋರಿಸಬೇಕಾಗಿಲ್ಲ. ನಿಮ್ಮ ಚರಂಡಿಯ ಎಣ್ಣೆ ಯಗಚಿ ಕಡೆಗೆ ಹೋಗುತ್ತದೆ, ಯಗಚಿ ಬೇಲೂರಿನ ಅಣೆಕಟ್ಟೆಗೆ. ನಿಮ್ಮ ನಲ್ಲಿಗೆ ನೀರು ಎಲ್ಲಿಂದ ಬರುತ್ತದೆ ಎಂದು ಒಮ್ಮೆ ವಿಚಾರಿಸಿ ನೋಡಿ.

ಪ್ರಶ್ನೆ: ನಮ್ಮ ಬೀದಿ ಮೂಲೆಯ ಪಂಕ್ಚರ್ ಅಂಗಡಿಯವನ ಮೇಲೂ ದೂರು ಕೊಡಬಹುದಾ? ಒಂದೇ ಪೆಟ್ಟಿಗೆ ಅಂಗಡಿ, ಆದರೆ ಹಳೇ ಟಯರ್ ರಾಶಿ.

— ಗೃಹಿಣಿ, ಸಕಲೇಶಪುರ

ಉತ್ತರ: ಪಂಕ್ಚರಿಗೆ ದೂರು ಬೇಡ ತಂಗಿ, ಟಯರಿಗೆ ಕೊಡಬಹುದು. ಆದರೆ ಕಾಗದಕ್ಕೆ ಮೊದಲು ಅವನ ಹತ್ತಿರ ಮಾತಾಡಿ, ಇದು ಬಾಯಲ್ಲಿ ಬಗೆಹರಿಯುವ ವಿಷಯ. ಟಯರಿನೊಳಗೆ ನಿಂತ ಮಳೆನೀರೇ ಡೆಂಗಿ ಸೊಳ್ಳೆಗೆ ಬೇಕಾದ್ದು. ಮೊಟ್ಟೆಯಿಂದ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಟಯರ್ ಒಣಗಿದರೂ ಒಳಗೋಡೆಗೆ ಅಂಟಿದ ಮೊಟ್ಟೆ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ, ಮತ್ತೆ ನೀರು ಬಿದ್ದಾಗ ಮರಿಯಾಗುತ್ತದೆ. ಆದ್ದರಿಂದ ನೀರು ಚೆಲ್ಲಿದರೆ ಸಾಲದು, ಒಳಗೆ ಬ್ರಷ್ ಹಾಕಿ ಉಜ್ಜಬೇಕು. ಬೇಡದ ಟಯರನ್ನು ಗುಜರಿಗೆ ಕಳಿಸಲಿ, ಬೇಕಾದ್ದನ್ನು ಮಾಡಿನ ಕೆಳಗೆ ಜೋಡಿಸಲಿ, ಬೋರ್ಡಿಗೆ ಅಂತ ರಸ್ತೆಯಲ್ಲಿ ನೇತುಹಾಕುವ ಟಯರಿನ ತಳಕ್ಕೆ ಎರಡು ತೂತು ಕೊರೆಯಲಿ. 2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿದ ಮೇಲೆ ಸೊಳ್ಳೆ ಬೆಳೆಯುವ ಹಾಗೆ ನೀರು ನಿಲ್ಲಿಸಿದವರಿಗೆ ದಂಡವಿದೆ. ಅದು ಅಂಗಡಿಗೂ ಇದೆ, ಮನೆಗೂ ಇದೆ. ಅವನಿಗೆ ಹೇಳಲು ಹೋಗುವ ಮುಂಚೆ ನಿಮ್ಮ ಫ್ರಿಜ್ಜಿನ ಹಿಂದಿನ ಟ್ರೇ ಒಂದು ಸಲ ನೋಡಿ.